ಕಲ್ಲುಹೂವಿನ ಮೇಲಿನ ಕರಿಚುಕ್ಕೆ

ಮಳೆ ನಿಂತ ಮರುದಿನವೇ ಕಲ್ಲುಹೂವು ಕೀಳಬೇಕು. ಒಣಗಿದರೆ ಕೈಯಲ್ಲೇ ಪುಡಿಯಾಗುತ್ತದೆ. ಐಸ್‌ಲ್ಯಾಂಡಿನ ಬಡಗಣ ಕಣಿವೆಯ ಸ್ವಾವಾ ಆರನೇ ವಯಸ್ಸಿನಿಂದ ಅವ್ವನ ಹಿಂದೆ ಗುಡ್ಡ ಹತ್ತಿದವಳು. ಈಗ ಅರವತ್ತೆರಡು. ಹಾಲಿನಲ್ಲಿ ಅವಳು ಕಾಯಿಸುವ ಕಲ್ಲುಹೂವಿನ ಗಂಜಿ ಕಣಿವೆಗೆಲ್ಲ ಹೆಸರುವಾಸಿ. ಕೀಳುವ ಜಾಗ ಮಾತ್ರ ಅವ್ವ-ಮಗಳ ಗುಟ್ಟು. ಗಂಡ ಕೌರಿಗೂ ಬಾಯಿ ಬಿಟ್ಟಿರಲಿಲ್ಲ.

ಆ ಆಗಸ್ಟಿನಲ್ಲಿ ಗಂಡನ ಅಣ್ಣ ಓರ್ಮುರ್ ಬಂದಿಳಿದ. ಮೇಷ್ಟ್ರಿಕೆ ಬಿಟ್ಟ ಮೇಲೆ ಕಲ್ಲುಹೂವಿನ ಹುಚ್ಚು ಹತ್ತಿಸಿಕೊಂಡವನು. ನಾಲ್ಕು ದಿನ ಅಂದವನು ಮೂರು ವಾರ ಬೇರೂರಿದ. ಊಟದ ಮೇಜಿನ ತುಂಬ ಅವನ ಕಲ್ಲು, ಅವನ ಭೂತಗನ್ನಡಿ. ಸ್ವಾವಾ ಹಲ್ಲು ಕಚ್ಚಿ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಂಡಳು.

ಒಂದು ಬೆಳಿಗ್ಗೆ ಅವಳು ಕಲ್ಲುಹೂವು ಹಸನು ಮಾಡುತ್ತ ಕರಿಚುಕ್ಕೆ ಬಿದ್ದದ್ದನ್ನು ಬಕೆಟ್ಟಿಗೆ ಎಸೆಯುತ್ತಿದ್ದಳು. ಓರ್ಮುರ್ ಒಂದನ್ನೆತ್ತಿ ಗಾಜಿನಡಿ ಹಿಡಿದ. ಇದು ಕೊಳೆತದ್ದಲ್ಲ, ಕಲ್ಲುಹೂವನ್ನೇ ಉಂಡು ಬದುಕುವ, ಇಂಥ ಚಳಿನಾಡಿನ ಶಿಲೀಂಧ್ರ, ಈ ಕಣಿವೆಯಲ್ಲಿ ಯಾರೂ ಕಂಡಿಲ್ಲ ಎಂದ. ಎಲ್ಲಿ ಕಿತ್ತೆ ಎಂದು ಕೇಳಿದ.

"ಗುಡ್ಡದಲ್ಲಿ."

"ಯಾವ ಗುಡ್ಡ?"

"ನಿಮ್ಮ ತಮ್ಮಂಗೇ ಹೇಳದ್ದು ನಿಮಗೆ ಹೇಳ್ತೀನಾ ಭಾವ?"

ಅಲ್ಲಿಂದ ಶುರುವಾಯಿತು. ಮಾದರಿಗೆ ಅಂಟಿಸುವ ಚೀಟಿಯಲ್ಲಿ ಸಿಕ್ಕ ಜಾಗದ ಹೆಸರಿಲ್ಲದಿದ್ದರೆ ಅದು ಕಸಕ್ಕೆ ಸಮ, ಮ್ಯೂಸಿಯಂನವರು ಮುಟ್ಟುವುದಿಲ್ಲ ಎಂದು ಕಾಫಿಗೂ ಊಟಕ್ಕೂ ಅದೇ ರಾಗ. ಕೌರಿ ಬೇಲಿ ರಿಪೇರಿ ನೆಪ ಹೇಳಿ ಹೊರಗೇ ಉಳಿದ. ಐದನೇ ದಿನ ಮೀನಿನೂಟಕ್ಕೆ ಕೂತಾಗಲೂ ಓರ್ಮುರ್ ಅದೇ ಮಾತು ಎತ್ತಿದ. ಸ್ವಾವಾ ಚಾಕು ಕೆಳಗಿಟ್ಟಳು.

"ಹತ್ತು ವರ್ಷದಿಂದ ಚುಕ್ಕೆ ಬಿದ್ದದ್ದನ್ನೆಲ್ಲ ಕುರಿಕೊಟ್ಟಿಗೆ ಹಿಂದೆ ಎಸೀತಿದ್ದೀನಿ. ಹೋಗಿ ಹುಡುಕಿ. ಸಿಕ್ಕಿದ ಜಾಗ ಅಂತ ಅದನ್ನೇ ಬರ್ಕೊಳ್ಳಿ."

ಅವಳು ಸಿಟ್ಟಿಗೆ ಅಂದದ್ದು. ಅವನು ಉಣ್ಣುವುದನ್ನೂ ಬಿಟ್ಟು ಎದ್ದುಹೋದ. ಸಂಜೆವರೆಗೂ ಕುರಿಹಿಕ್ಕೆಯಲ್ಲಿ ಮಂಡಿಯೂರಿ ಕೂತು, ಕಲ್ಲುಸಂದಿಯಲ್ಲಿ ಬೇರುಬಿಟ್ಟಂತೆ ಬೆಳೆದ ಕಲ್ಲುಹೂವು, ಅದರ ಮೇಲೆ ಜೀವಂತ ಕರಿಚುಕ್ಕೆ ಕಂಡುಹಿಡಿದ. ಚೀಟಿಯಲ್ಲಿ ಬರೆದ: ಸ್ವಾವಾಳ ಕುರಿಕೊಟ್ಟಿಗೆಯ ಹಿಂಬದಿ.

ಮರುವರ್ಷದ ಬೇಸಿಗೆಯಲ್ಲಿ ಮ್ಯೂಸಿಯಂನಲ್ಲಿ ಆ ಚೀಟಿ ಓದಿ ಪಟ್ಟಣದಿಂದ ಇಬ್ಬರು ಹುಡುಗಿಯರು ಕೊಟ್ಟಿಗೆ ಕೇಳಿಕೊಂಡು ಬಂದರು. ಅವರ ಹಿಂದೆ ಒಬ್ಬ ಪರದೇಶದ ಮುದುಕ. ಗೇಟು ತೆರೆದೇ ಬಿಟ್ಟಿದ್ದರಿಂದ ಕುರಿಗಳು ಆಲೂಗಡ್ಡೆ ಪಾತಿಗೆ ನುಗ್ಗಿದವು. ಸ್ವಾವಾ ಎಲ್ಲರನ್ನೂ ಬೈದಳು, ಎಲ್ಲರಿಗೂ ಕಾಫಿ ಕೊಟ್ಟಳು. ಸುತ್ತಮುತ್ತ ಬೇರೆಲ್ಲಾದರೂ ಇದು ಬೆಳೆಯುತ್ತದೆಯೇ ಎಂದು ಒಬ್ಬ ಹುಡುಗಿ ಕೇಳಿದಳು.

"ಇಲ್ಲಮ್ಮ, ಕೊಟ್ಟಿಗೆ ಹಿಂದೆ ಮಾತ್ರ," ಎಂದಳು ಸ್ವಾವಾ, ಒಂದಿಷ್ಟೂ ಅಳುಕಿಲ್ಲದೆ.