ದೂಧಗಂಗೆಯ ಪಾಳಿ, ದೇಶಗಳ ದನಿ

ಗಡಿನಾಡಿನಲ್ಲಿ ಅಂತರರಾಷ್ಟ್ರೀಯ ರಾಜಕೀಯವನ್ನು, ಕಬ್ಬು ಬೆಳೆಯುವ ಮನೆಗಳ ಮಕ್ಕಳಿಗೂ ಮನೆಮಾತೆನ್ನಿಸುವಂತೆ, ಅಚ್ಚಗನ್ನಡದಲ್ಲಿ ಬೋಧಿಸಿದವರು ನಮ್ಮ ಗುರುಗಳಾದ ಪ್ರೊ. ಪಾರಿಸ ಚೌಗುಲೆಯವರು. ಚಿಕ್ಕೋಡಿಯ ಕಾಲೇಜಿನಲ್ಲಿ ಮೂವತ್ತಮೂರು ವರ್ಷ ಸೇವೆ ಸಲ್ಲಿಸಿ ನಿವೃತ್ತರಾಗುತ್ತಿರುವ ಅವರನ್ನು ನೆನೆದರೆ ಸಾಕು, ಆ ಮಧ್ಯಾಹ್ನಗಳ ಸಿಹಿ ತೂಕಡಿಕೆ, ಕಿಟಕಿಯಿಂದ ಬರುತ್ತಿದ್ದ ಬೆಲ್ಲದ ಕಂಪು, ನಕಾಶೆಯ ನೀಲಿ ಸಮುದ್ರಗಳ ಮೇಲೆ ತೇಲಿ ಹೋಗುತ್ತಿದ್ದ ಅವರ ಮೆಲುದನಿ, ಎಲ್ಲವೂ ಒಟ್ಟಿಗೇ ಬಂದು ನಿಲ್ಲುತ್ತವೆ.

ನಾನಾಗ ಬಿ.ಎ. ಎರಡನೆಯ ವರ್ಷದಲ್ಲಿದ್ದೆ. ನಮ್ಮೂರು ಸದಲಗಾದಲ್ಲಿ ದೂಧಗಂಗಾ ನದಿಯ ನೀರನ್ನು ಹೊಲಗಳಿಗೆ ಪಾಳಿ ಹಚ್ಚಿ ಹಂಚುವ ಸಂಘವೊಂದಿತ್ತು. ಅದರ ಸಭೆಗಳಲ್ಲಿ ಬಾಗಿಲ ಬಳಿ ಕುಳಿತು ಹೂಂಗುಡುತ್ತಿದ್ದ ನನ್ನ ತಂದೆ ಕಾಕಾಸಾಹೇಬರು, ಎರಡು ಮೈಲಿ ಆಚೆ ಹೊಸ ಹೊಲ ಹಿಡಿದು ಪೈಪು ಎಳೆಸಿದ ವರ್ಷ, ಮೊದಲ ಪಾಳಿ ತಮಗೇ ಬೇಕೆಂದು ಮೇಜು ಗುದ್ದಿದರು. ಕಟ್ಟಕಡೆಯ ಪಾಳಿ ನಮ್ಮೂರಲ್ಲೇ ಇದ್ದ ಗುರುಗಳ ದ್ರಾಕ್ಷಿ ತೋಟದ್ದು; ಮೊದಲಿನವರು ಹೆಚ್ಚು ಎಳೆದರೆ ಅಲ್ಲಿಗೆ ನೀರೇ ಉಳಿಯುತ್ತಿರಲಿಲ್ಲ. ನಾನು ನಾಚಿಕೆಯಿಂದ ಕಾಲೇಜೇ ಬಿಟ್ಟು ಕುಳಿತೆ.

ಗುರುಗಳು ತಾವೇ ಮನೆಗೆ ಬಂದರು. ಚಹಾ ಕುಡಿದು, ನನ್ನನ್ನು ಕರೆದು ಹೇಳಿದರು:

“ನಿಮ್ಮಪ್ಪಾರು ಕೆಟ್ಟವರಾಗಿಲ್ಲ ದೀಪಾಲಿ, ದೊಡ್ಡವರಾಗ್ಯಾರ. ಹೊಲ ದೂರ ಹೋದಂಗ ಅಂಜಿಕಿನೂ ದೂರ ಹೋಗತೈತಿ. ಬೆಳ್ಯಾಕತ್ತಿದ ದೇಶಾನೂ ಹಂಗ. ಹಡಗ ದೂರ ಹೋದ್ವು ಅಂದ್ರ ದನಿ ಏರತೈತಿ, ಹಳೇ ಕಾಯ್ದೆ ‘ನಾ ಸಣ್ಣಾವಿದ್ದಾಗ ಮಾಡಿದ್ದು’ ಅನಸತೈತಿ. ನಾಳೆ ಕ್ಲಾಸಿಗೆ ಬಾ.”

ಅಷ್ಟೇ ಅಲ್ಲ, ಪಾಳಿಯ ಪಟ್ಟಿ ಬರೆಯುವವರೇ ಪಾಳಿಯನ್ನು ಕಾಪಾಡುತ್ತಾರೆಂದು ನಂಬಿ, ತಂದೆಯವರನ್ನೇ ಸಂಘದ ಅಧ್ಯಕ್ಷರನ್ನಾಗಿ ಸೂಚಿಸಿದರು. ತಂದೆ ಕುರ್ಚಿಯಲ್ಲಿ ಕುಳಿತು ಮೊದಲು ತಮ್ಮ ಹೆಸರನ್ನೇ ಬರೆದುಕೊಂಡರು! ಆ ಬೇಸಿಗೆ ಗುರುಗಳ ಬಳ್ಳಿಗಳೆಲ್ಲ ಒಣಗಿದವು.

ಪುಣ್ಯಾತ್ಮರು ತರಗತಿಯಲ್ಲಿ ಅದನ್ನೂ ಪಾಠವಾಗಿಸಿದರು. “ದೊಡ್ಡವರಾದವರಿಗೆ ಕುರ್ಚಿ ಕೊಟ್ರ ಸಾಕು ಅನಕೊಂಡಿದ್ದೆ, ತಪ್ಪಾತು. ಬರಕೋರಿ” ಎಂದರು. ಎಲ್ಲರೂ ಬರೆದುಕೊಂಡರು. ನನ್ನ ಕೈ ಮಾತ್ರ ಏಳಲಿಲ್ಲ.

ಮುಂದೆ ನನ್ನನ್ನು ಧಾರವಾಡಕ್ಕೆ ಎಂ.ಎ.ಗೆ ಕಳಿಸಿದವರೂ, ತಮ್ಮ ಟಿಪ್ಪಣಿಗಳ ಕಟ್ಟನ್ನೇ ಕೊಟ್ಟವರೂ, ತಮ್ಮ ವಿಭಾಗದಲ್ಲೇ ಪಕ್ಕದ ಮೇಜು ತೋರಿಸಿದವರೂ ಅವರೇ. ಆ ತರಗತಿಯ ನಂತರ ಇಷ್ಟು ವರ್ಷಗಳಲ್ಲಿ ಆ ಬಳ್ಳಿಗಳ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರವಾಗುತ್ತಿತ್ತು.

ತಂದೆಗೆ ವಯಸ್ಸಾಗಿ, ಈ ವರ್ಷದಿಂದ ಹೊಲವೂ ಸಂಘದ ಕುರ್ಚಿಯೂ ನನ್ನ ಪಾಲಿಗೆ ಬಂದಿವೆ. ಮುಚ್ಚಿಡುವುದೇಕೆ, ಕಳೆದ ಸಭೆಯಲ್ಲಿ ನನ್ನ ದನಿಯೂ ಏರಿತ್ತು. ಆದ್ದರಿಂದಲೇ ಗುರುಗಳ ಈ ಅಭಿನಂದನ ಗ್ರಂಥದ ಓದುಗರೆಲ್ಲರ ಸಾಕ್ಷಿಯಾಗಿ ಬರೆಯುತ್ತಿದ್ದೇನೆ: ಬರುವ ಬೇಸಿಗೆಯಿಂದ ಮೊದಲ ಪಾಳಿ ಪಾರಿಸ ಚೌಗುಲೆಯವರದು, ಕೊನೆಯದು ನಮ್ಮದು. ಗುರುಗಳು ಆಯುರಾರೋಗ್ಯದಿಂದ ಬಹುಕಾಲ ಬಾಳಲಿ, ಬರೆಯಲಿ, ಮತ್ತೆ ದ್ರಾಕ್ಷಿ ಹಚ್ಚಲಿ. ನೀರು ಬಾರದಿದ್ದರೆ ಈ ಪುಟವನ್ನೇ ತಂದು ನನ್ನ ಮೇಜಿನ ಮೇಲೆ ಇಡಲಿ.