‘ಕೆಲವೊಮ್ಮೆ’ ಎಂಬ ಗುರುತು

ಕಳೆದ ವಾರ ಬಾಗಲಕೋಟೆಯ ದವಾಖಾನೆಯಲ್ಲಿ ನರ್ಸು ನನ್ನ ಕೈಗೆ ಒಂದು ಹಾಳೆ ಕೊಟ್ಟಳು. ಬಿಸಿ ಆರದ ಝೆರಾಕ್ಸಿನ ವಾಸನೆ, ಸಾಲು ಪ್ರಶ್ನೆಗಳು, ಪ್ರತಿಯೊಂದರ ಮುಂದೆ ಮೂರು ಚೌಕ: ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ. ‘ನಿಮ್ಮ ಬಗ್ಗೆ ನಿಮಗೇ ಬೇಸರವಾಗುತ್ತದೆಯೇ?’ ಎಂಬಲ್ಲಿ ‘ಎಂದೂ ಇಲ್ಲ’ಕ್ಕೆ ಗುರುತು ಹಾಕಿದೆ. ಪೆನ್ನು ಮುಂದೆ ಹೋಗಲಿಲ್ಲ. ಇಂಥದೇ ಹಾಳೆಯನ್ನು ಒಮ್ಮೆ ನಾನೇ ಹಂಚಿದ್ದೆ...

ಇಳಕಲ್ಲಿನ ಒಂದು ನೇಯ್ಗೆ ತರಬೇತಿ ಕೇಂದ್ರಕ್ಕೆ ಆಗ ನಾನು ಮೇಲ್ವಿಚಾರಕ. ಗಂಟೆ ಹೊಡೆಯುವ ಹತ್ತು ನಿಮಿಷ ಮೊದಲೇ ಹಾಜರಿ ಪುಸ್ತಕ ಮೇಜಿನ ಮೇಲಿರಬೇಕು. ಗುಡೂರಿನಿಂದ ಬಸ್ಸಿಗೆ ಬರುತ್ತಿದ್ದ ನೇಯ್ಗೆಯ ಅಕ್ಕೋರು ಆರು ವರ್ಷದಿಂದ ಹಂಗಾಮಿಯಾಗಿ ಕಲಿಸುತ್ತಿದ್ದರು. ಸೀರೆಯ ಒಡಲಿಗೆ ಸೆರಗಿನ ಎಳೆಗಳನ್ನು ಕೊಂಡಿ ಹಾಕುವುದನ್ನು ಅವರಂತೆ ಕಲಿಸುವವರು ಇರಲಿಲ್ಲ. ಕಾಯಂ ಹುದ್ದೆ ಬಂದದ್ದು ಒಂದು. ನಮ್ಮಲ್ಲೇ ಉಮೇದುವಾರರು ಇಬ್ಬರು: ಅಕ್ಕೋರು, ಮತ್ತೆ ಇನ್ನೊಬ್ಬ ಮಾಸ್ತರ. ಸ್ವಭಾವ, ಉತ್ಸಾಹ ಅಳೆಯಲು ಮೇಲಿನಿಂದ ಪ್ರಶ್ನಾವಳಿ ಬಂತು. ತಮ್ಮ ಬಗ್ಗೆ ತಾವೇ ಗುರುತು ಹಾಕಬೇಕು. ಅಂಕ ಕೂಡಿಸಿ ಕಳಿಸುವುದು ನನ್ನ ಕೆಲಸ.

ಇನ್ನೊಬ್ಬ ಐದೇ ನಿಮಿಷದಲ್ಲಿ, ಪೂರ್ಣ ಅಂಕ ಬರುವ ಹಾಗೆ, ಮುಗಿಸಿ ಎದ್ದ. ಅಕ್ಕೋರು ಒಂದೊಂದಕ್ಕೂ ಯೋಚಿಸುತ್ತಿದ್ದರು.

“ಏನ್ ಅಕ್ಕೋರ, ಸೀರಿ ನೇಯಾಕತ್ತೀರೇನು? ಲಗೂ ಮುಗಸ್ರಿ,” ಅಂದೆ.

“ಯಾವಾಗ್ಲೂ ವ್ಯಾಳ್ಯಾಕ್ಕ ಬರ್ತೀರೇನು ಅಂತ ಕೇಳೈತ್ರಿ ಸರ. ಒಂದ್ ದಿನ ಬಸ್ ಕೆಟ್ಟಿತ್ತಲ್ರಿ?”

“ಅದನ್ನ ಯಾರ್ ಕೇಳ್ತಾರ?”

“ಹಾಳಿ ಕೇಳಾಕತ್ತೈತಲ್ರಿ,” ಎಂದು ನಕ್ಕು ‘ಕೆಲವೊಮ್ಮೆ’ಗೆ ಗುರುತು ಹಾಕಿದರು. ಸಿಟ್ಟು ಬರುತ್ತದೆಯೇ? ಕೆಲವೊಮ್ಮೆ. ಕೆಲಸ ಬೇಸರವೇ? ಕೆಲವೊಮ್ಮೆ.

ಸಂಜೆ ಕೂಡಿಸಿದೆ. ಅಕ್ಕೋರ ಅಂಕ ಅರ್ಧದ ಹತ್ತಿರ ನಿಂತಿತು. ಹಾಜರಿ ಪುಸ್ತಕ ಪಕ್ಕದಲ್ಲೇ ಇತ್ತು; ತೆರೆದೂ ನೋಡಿದೆ. ಆರು ವರ್ಷದಲ್ಲಿ ಅವರು ತಡವಾಗಿ ಬಂದದ್ದು ಅದೊಂದೇ ದಿನ. ಇನ್ನೊಬ್ಬನ ಸಾಲಿನಲ್ಲಿ ತಿಂಗಳಿಗೆ ನಾಲ್ಕೈದು ಕೆಂಪು ಗೆರೆ, ಎಲ್ಲ ನಾನೇ ಎಳೆದದ್ದು. ಕೆಳಗೆ ಇಷ್ಟು ಬರೆದಿದ್ದರೆ ಸಾಕಿತ್ತು. ಆದರೆ ನಮೂನೆಯಲ್ಲಿ ಷರಾಕ್ಕೆ ಜಾಗವಿರಲಿಲ್ಲ. ಜಾಗವಿಲ್ಲದ ಕಡೆ ನಾನು ಬರೆಯುವವನಲ್ಲ. ಸಹಿ ಮಾಡಿ ಕಳಿಸಿದೆ.

ಹುದ್ದೆ ಅವನಿಗಾಯಿತು. ಹಂಗಾಮಿ ಜಾಗ ರದ್ದಾಯಿತು. ಕೊನೆಯ ದಿನವೂ ಅಕ್ಕೋರು ಗಂಟೆಗೆ ಮೊದಲೇ ಬಂದು ಸಹಿ ಮಾಡಿದರು. “ನಾ ಬರದದ್ದು ತಪ್ಪಾತೇನ್ರಿ ಸರ?” ಎಂದು ಕೇಳಿದರು.

“ನಿಯಮ ಐತಿ ಅಕ್ಕೋರ,” ಅಂದೆ. ತಲೆ ಎತ್ತಲಿಲ್ಲ.

ಅವರು ತೀರಿಕೊಂಡರೆಂದು ಹೋದ ವರ್ಷ ಗುಡೂರಿನವರೊಬ್ಬರಿಂದ ತಿಳಿಯಿತು. ಒಂದು ಬಸ್ಸು ಹತ್ತಿ ಹೋಗಿ ‘ತಪ್ಪು ನನ್ನದು’ ಎಂದು ಹೇಳಿ ಬರಲು ಇಷ್ಟು ವರ್ಷ ನನಗಾಗಲಿಲ್ಲ...

“ಅಜ್ಜಾರ, ಮುಗೀತೇನ್ರಿ?” ಎಂದಳು ನರ್ಸು. ‘ಎಂದೂ ಇಲ್ಲ’ವನ್ನು ಹೊಡೆದುಹಾಕಿ ‘ಕೆಲವೊಮ್ಮೆ’ಗೆ ಗುರುತು ಹಾಕಿ ಕೊಟ್ಟೆ. ಅದೂ ಪೂರ್ತಿ ಖರೆಯಲ್ಲ.