ದೀಪದ ಹೊತ್ತಿಗೆ ಹೌದೆಂದದ್ದು

ಕಂಪ್ಯೂಟರಿಗೆ ದೃಷ್ಟಿ ತಾಗಿರಲಿಲ್ಲ, ಕರೆಂಟು ಏರುಪೇರಾಗಿರಲಿಲ್ಲ, ಇಲಿ ತಂತಿ ಕಡಿದಿರಲಿಲ್ಲ. ಮುಸ್ಸಂಜೆಯಲ್ಲಿ ಅದು ಏನೋ ಕೇಳಿತು, ನಾನು ಹೌದೆಂದೆ, ಮರುದಿನ ಅದು ಕಲ್ಲಾಯಿತು, ಅಷ್ಟೆ. ನೆರೆಮನೆಯ ಮಾದೇವಿ ಇವತ್ತಿಗೂ ದೃಷ್ಟಿಯೆಂದೇ ವಾದಿಸುತ್ತಾಳೆ. ಹಾಲು ಒಡೆದರೂ ಅವಳಿಗೆ ದೃಷ್ಟಿಯೇ. ಪಾತ್ರೆ ಮಾತ್ರ ಸರಿಯಾಗಿ ತೊಳೆಯುವುದಿಲ್ಲ.

ಮಾವಳ್ಳಿಯ ನಮ್ಮ ಮನೆಯಲ್ಲಿ, ಹಿಂದೆ ಭತ್ತದ ಕಣಜವಿದ್ದ ಮೂಲೆಯಲ್ಲಿ, ಈಗ ಮೊಮ್ಮಗಳು ಸವಿತಾಳ ಕಂಪ್ಯೂಟರು ಕುಳಿತಿದೆ. ಸವಿತಾ ಮದುವೆಗಳ ವಿಡಿಯೋ ತೆಗೆಯುತ್ತಾಳೆ. ಭಟ್ಕಳದ ನವಾಯತ ಮುಸ್ಲಿಮರ ಮನೆಗಳಲ್ಲಿ ಹೆಂಗಸರ ಕಡೆಯ ಸಮಾರಂಭಕ್ಕೆ ಗಂಡಸು ಕ್ಯಾಮೆರಾ ಹಿಡಿದು ಕಾಲಿಡುವಂತಿಲ್ಲ, ಆದ್ದರಿಂದ ಇವಳಿಗೆ ಕರೆ ಬರುತ್ತದೆ. ಚಿತ್ರ ತೆಗೆಯುವವಳೂ ಹೆಣ್ಣು, ಕೂತು ಜೋಡಿಸುವವಳೂ ಹೆಣ್ಣು, ಮುಗಿದದ್ದು ಮದುಮಗಳ ತಾಯಿಯ ಕೈಗೇ ಸೇರಬೇಕು, ನಡುವೆ ಯಾವ ಗಂಡಸಿನ ಕಣ್ಣಿಗೂ ಬೀಳಕೂಡದು. ಕಾಗದಪತ್ರ ಏನೂ ಇಲ್ಲ, ಬರೇ ಮಾತು. ಮಾತು ಒಮ್ಮೆ ಹೋದರೆ ಭಟ್ಕಳದ ಬಾಗಿಲುಗಳೆಲ್ಲ ಒಂದೇ ದಿನದಲ್ಲಿ ಮುಚ್ಚುತ್ತವೆ. ಈ ಸಲದ ಮದುಮಗಳು ಸುಮಯ್ಯಾ. ಎರಡು ದಿನ ಕಳೆದರೆ ಗಂಡನೊಡನೆ ಸಮುದ್ರದಾಚೆ ಹೊರಡುವವಳು, ಅಷ್ಟರೊಳಗೆ ವಿಡಿಯೋ ಅವಳ ಪೆಟ್ಟಿಗೆಯಲ್ಲಿರಬೇಕಿತ್ತು.

ಆ ಸಂಜೆ ಸವಿತಾ ಅಂಗಡಿಗೆ ಹೊರಟಳು. "ಅಮ್ಮಮ್ಮ, ಇದ್ರ ಹತ್ರ ಕೂತ್ಕೊ. ಬೆಕ್ಕು ಹತ್ತೂಕೆ ಬಿಡ್ಬೇಡ. ನೀನೂ ಎಂತದೂ ಮುಟ್ಬೇಡ" ಎಂದಳು. ಕೂತೆ. ದೇವರ ಮುಂದೆ ದೀಪ ಹಚ್ಚಿ ಬಂದು ನೋಡುತ್ತೇನೆ, ಪರದೆಯ ಮೂಲೆಯಲ್ಲಿ ಒಂದು ಚೀಟಿ ಎದ್ದಿದೆ. ಸವಿತಾ ಅದನ್ನು ಕನ್ನಡದಲ್ಲೇ ಇಟ್ಟಿದ್ದಾಳೆ, ನಾನು ನಾಲ್ಕನೆಯ ತರಗತಿಯವರೆಗೆ ಹೋದವಳು, ಕೂಡಿಸಿ ಕೂಡಿಸಿ ಓದಿದೆ: ಗ್ರಾಫಿಕ್ಸ್ ಡ್ರೈವರಿಗೆ ನವೀಕರಣ ಬಂದಿದೆ, ಈಗ ಸ್ಥಾಪಿಸಬಹುದೇ? ನವೀಕರಣ, ಸ್ಥಾಪನೆಗಳೆಲ್ಲ ದೇವಸ್ಥಾನಕ್ಕೆ ಮಾತ್ರವೆಂದು ನಾನು ತಿಳಿದಿದ್ದೆ. ಕೆಳಗೆ ಎರಡು ಗುಂಡಿ. ಒಂದು ಹೌದು, ಇನ್ನೊಂದು ಇಲ್ಲ.

ಇಲ್ಲಿಯೇ ನನ್ನ ಅತ್ತೆ ಅಡ್ಡ ಬಂದಳು. ಅವಳು ಸತ್ತು ಬಹಳ ಕಾಲವಾಯಿತು, ಆದರೆ ಅಡ್ಡ ಬರುವುದನ್ನು ಬಿಟ್ಟಿಲ್ಲ. ಅಕ್ಕಿ ಮುಗಿದರೆ 'ತುಂಬಿದೆ' ಎನ್ನಬೇಕು, ದೀಪ ಆರಿಸುವಾಗ 'ದೊಡ್ಡದು ಮಾಡು' ಎನ್ನಬೇಕು, ದೀಪ ಹಚ್ಚಿದ ಹೊತ್ತಿಗೆ ಯಾರು ಏನೇ ಕೇಳಿದರೂ ಬಾಯಿಂದ 'ಇಲ್ಲ' ಹೊರಡಕೂಡದು. ಮದುವೆಯಾದ ಹೊಸದರಲ್ಲಿ ಒಮ್ಮೆ ಉಪ್ಪು ಕೇಳಲು ಬಂದವಳಿಗೆ ಇಲ್ಲವೆಂದದ್ದಕ್ಕೆ ಮೂರು ದಿನ ಅತ್ತೆ ನನ್ನೊಡನೆ ಮಾತಾಡಲಿಲ್ಲ. ಆ ಮೂರು ದಿನ ಮನೆ ತುಂಬ ನೆಮ್ಮದಿಯಾಗಿತ್ತು, ಆದರೂ ಪಾಠ ಪಾಠವೇ. ಬಾಗಿಲಿಗೆ ಬಂದು ಕೇಳುವುದು ಮನುಷ್ಯನಾದರೇನು, ಕಂಪ್ಯೂಟರಾದರೇನು? ಹೌದು ಒತ್ತಿದೆ. ಯಾರಿಗೂ ಹೇಳಲಿಲ್ಲ, ಹೇಳುವಂಥದ್ದೆಂದು ತೋರಲಿಲ್ಲ.

ಮರುದಿನ ಬೆಳಿಗ್ಗೆ ಸವಿತಾ ವಿಡಿಯೋ ತೆರೆದಳು. ಮದುಮಗಳು ನಗುತ್ತ ಮದರಂಗಿಯ ಕೈಯನ್ನು ಹಣೆಯವರೆಗೆ ಎತ್ತಿದಳು, ಕೈ ಅಲ್ಲಿಯೇ ನಿಂತಿತು. ಬಾಣದ ಗುರುತು ಅಲುಗಲಿಲ್ಲ, ಯಾವ ಗುಂಡಿಗೂ ಓಗೊಡಲಿಲ್ಲ. ಬಂದ್ ಮಾಡಿ ಮತ್ತೆ ಹಚ್ಚಿದರೆ ನಾಲ್ಕು ನಿಮಿಷ ನಡೆದು ಮತ್ತೆ ಎತ್ತಿದ ಕೈ. ಸವಿತಾ ಫೋನು ಹುಡುಕಲು ಓಡಿದಳು. ನಾನು ಹರಿವೆ ಸೊಪ್ಪು ಬಿಡಿಸುತ್ತ ಆ ಕೈಯನ್ನೇ ನೋಡುತ್ತ ಕೂತೆ.

ನೋಡುತ್ತ ನೋಡುತ್ತ ಹೊನ್ನಾವರದ ಹೊಳೆ ಬಂತು. ಆಗ ಸೇತುವೆ ಇರಲಿಲ್ಲ, ಲಾಂಚಿನಲ್ಲಿ ದಾಟಬೇಕಿತ್ತು. ಸಂತೆಗುಳಿಯ ತವರಿನಿಂದ ಮದುವೆಯಾಗಿ ಈ ಕಡೆಗೆ ಬರುವ ದಿನ ಲಾಂಚು ನಟ್ಟನಡುವೆ ನಿಂತುಬಿಟ್ಟಿತು. ಎಂಜಿನ್ನಿನ ಸದ್ದು ಹೋದದ್ದೇ ತಡ, ಎಂಥ ಮೌನವೆಂದರೆ ನನ್ನ ಕೈಬಳೆ ನನಗೇ ಕೇಳಿಸಿತು. ಆ ದಡ ನೀಲಿ, ಈ ದಡ ನೀಲಿ, ನೀರು ಎತ್ತಲೂ ಹರಿಯದೆ ಎಣ್ಣೆಯ ಹಾಗೆ ಮಲಗಿತ್ತು, ಬಿಸಿಲು ಅದರ ಮೇಲೆ ತೂಕಡಿಸುತ್ತಿತ್ತು. ಹಿಂದೆ ಅಮ್ಮನ ಒಲೆ, ಮುಂದೆ ಅತ್ತೆಯ ಒಲೆ, ನಡುವೆ ಯಾವ ಒಲೆಯೂ ಇಲ್ಲದ ಅರ್ಧ ತಾಸು. ಯಾರ ಮಗಳೂ ಅಲ್ಲ, ಯಾರ ಸೊಸೆಯೂ ಅಲ್ಲ, ನೀರಿನ ಮೇಲೆ ಸುಮ್ಮನೆ ಕೂತ ಒಂದು ಹೆಣ್ಣು. ಹೆದರಿಕೆಯಾಗಬೇಕಿತ್ತು, ನನಗೆ ನಿದ್ದೆ ಬಂತು. ಕಣ್ಣು ಬಿಟ್ಟಾಗ ಲಾಂಚಿನವನು ಎಂಜಿನ್ನಿನೊಳಗೆ ಕೈಹಾಕಿ ಗೊಣಗುತ್ತಿದ್ದ: "ಹೊಸ ಸಾಮಾನು ಹಳೆ ಮಿಶನ್ನಿಗೆ ಒಗ್ಗೂದಿಲ್ಲ, ಹೇಳ್ದೆ, ಯಾರೂ ಕೇಳ್ಲಿಲ್ಲ." ಹೊಸತನ್ನು ಕಿತ್ತು, ಪೆಟ್ಟಿಗೆಯಿಂದ ಹಳೆಯದನ್ನೇ ತೆಗೆದು ಕೂರಿಸಿದ. ಎಂಜಿನ್ನು ಕೆಮ್ಮಿ ಹೊರಟಿತು.

ಇತ್ತ ಸವಿತಾ ಕುಮಟೆಯ ರಿಪೇರಿ ಅಂಗಡಿಯ ಗಜಾನನನಿಗೆ ಫೋನು ಮಾಡಿ ಸ್ಪೀಕರ್ ಹಾಕಿದ್ದಳು.

"ಕುಮ್ಟಕ್ಕೆ ತಕಂಡು ಬಾ, ಸಂಜೆಯೊಳಗೆ ಮಾಡಿ ಕೊಡ್ತೆ."

"ತರೂಕಾಗುದಿಲ್ಲ ಗಜಣ್ಣ, ಹೆಣ್ಮಕ್ಕಳ ವಿಡಿಯೋ ಅದೆ."

"ಹಂಗಾರೆ ಪರದೆ ನಂಗೆ ಇಲ್ಲಿಂದೇ ಕಾಣೂ ಹಂಗೆ ಮಾಡು."

"ಅದೂ ಆಗುದಿಲ್ಲ."

"ಮತ್ತೆಂತ, ಕಣ್ಣು ಮುಚ್ಕಂಡು ಔಷಧಿ ಕೊಡೂದೆ?"

"ಕೊಡು. ಕಿವಿ ಅದೆಯಲ!"

ಹೊಸದಾಗಿ ಏನಾದರೂ ಹಾಕಿದ್ದೀಯಾ ಎಂದು ಅವನು ಕೇಳಿದ. ಇಲ್ಲವೆಂದಳು. ಹಾಗಾದರೆ ಒಳಗಿನದೆಲ್ಲ ಅಳಿಸಿ ಮೊದಲಿನಿಂದ ಹಾಕುವುದೊಂದೇ ದಾರಿ ಎಂದ. ಸವಿತಾ ಬೇಡವೇ ಬೇಡವೆಂದಳು. ಕ್ಯಾಮೆರಾದಲ್ಲಿದ್ದದ್ದನ್ನು ಮುಂದಿನ ಮದುವೆಗಾಗಿ ಆಗಲೇ ಖಾಲಿ ಮಾಡಿದ್ದಳು. ಸುಮಯ್ಯಾಳ ಮದುವೆ ಈ ಭೂಮಿಯ ಮೇಲೆ ಉಳಿದಿದ್ದರೆ ಈ ಕಂಪ್ಯೂಟರಿನೊಳಗೆ ಮಾತ್ರ.

ನನ್ನ ಕೈಯಲ್ಲಿ ಹರಿವೆ ದಂಟು, ಕಿವಿಯಲ್ಲಿ ಲಾಂಚಿನವನ ಗೊಣಗಾಟ.

"ಹೊಸದು ನಾ ಹಾಕಿದ್ದು" ಎಂದೆ.

"ಅದ್ಯಾರು?" ಎಂದ ಗಜಾನನ.

"ಅವಳ ಅಜ್ಜಿ. ಮುಸ್ಸಂಜೆಗೆ ಕೇಳ್ತು, ಇಲ್ಲ ಹೇಳೂಕೆ ಬಾಯಿ ಬರ್ಲಿಲ್ಲ. ಹಳೇದು ಒಳಗೆ ಎಲ್ಲಾರೂ ಇದ್ರೆ ಅದ್ನೇ ಕೂರ್ಸು ಮಾರಾಯ."

"ಅಮ್ಮಮ್ಮಾ! ಮುಟ್ಬೇಡ ಹೇಳಿ ಹೋಗಿದ್ದೆ!"

"ಹೇಳಿದ್ದೆ. ಈಗ ಕೂಗ್ತ್ಯೋ, ಅಲ್ಲ ಅವ ಹೇಳೂದು ಕೇಳ್ತ್ಯೋ?"

ಫೋನಿನೊಳಗೆ ಗಜಾನನ ನಕ್ಕ. "ಅಜ್ಜೀ, ಕೊಂದವಳೂ ನೀನೇ, ಬದುಕ್ಸಿದವಳೂ ನೀನೇ."

ಆಮೇಲಿನದು ಪರದೆಯ ಆಚೆ ಕೂತು ನಾಡಿ ಹಿಡಿಯುವ ವೈದ್ಯನ ಕೆಲಸ. ಅವನು ಹೇಳಿದ, ಇವಳು ಓದಿದಳು, ಒತ್ತಿದಳು. ಮೊದಲು ಸೇಫ್ ಮೋಡ್ ಎಂಬುದರಲ್ಲಿ ಹಚ್ಚಿಸಿದ. ಆಗ ಅಕ್ಷರಗಳೆಲ್ಲ ದಪ್ಪಗಾಗಿ, ಕನ್ನಡಕವಿಲ್ಲದ ನನಗೂ ಕಂಡವು. ಸಾಧನಗಳ ಪಟ್ಟಿ ತೆರೆಸಿ, ಹೊಸ ಡ್ರೈವರನ್ನು ತೆಗೆಸಿ, ಒಳಗೇ ಉಳಿದಿದ್ದ ಹಳೆಯದಕ್ಕೆ ಮರಳಿಸಿದ. ಮತ್ತೆ ಹಚ್ಚಿ ವಿಡಿಯೋ ಬಿಟ್ಟೆವು. ಮದುಮಗಳು ಕೈ ಎತ್ತಿದಳು.

ಕೈ ಇಳಿಯಿತು. ಮುಂಗುರುಳು ಸರಿಸಿಕೊಂಡು ಅವಳು ಅತ್ತ ತಿರುಗಿದಳು. ಸರಿಯಾಯಿತಲ್ಲ ಎನ್ನುವ ಸಮಾಧಾನದ ಜೊತೆಗೆ ನನಗೆ ಇಷ್ಟೇ ಇಷ್ಟು ಬೇಸರವೂ ಆಯಿತು, ಸುಳ್ಳು ಏಕೆ ಹೇಳಲಿ. ಆ ಹುಡುಗಿಗೂ ಇನ್ನು ದಡ ಬಂದಂತೆಯೇ. ನಿಂತ ಲಾಂಚಿನಲ್ಲಿ ಕೂತ ಸುಖ ಮೊದಲೇ ಹೇಳಿ ಬರುವುದಿಲ್ಲ, ಬಂದಾಗ ಎಲ್ಲರೂ ಎಂಜಿನ್ನಿನ ಕಡೆಗೇ ನೋಡುತ್ತಿರುತ್ತಾರೆ.

ಮರುದಿನ ಬೆಳಿಗ್ಗೆ ಸವಿತಾ ವಿಡಿಯೋ ತೆಗೆದುಕೊಂಡು ಮೊದಲ ಬಸ್ಸಿಗೆ ಭಟ್ಕಳಕ್ಕೆ ಹೋದಳು. ನಾನು ದೇವರಿಗೆ ದೀಪವಿಟ್ಟು ಈಚೆ ಬಂದರೆ ಅವಳು ಆರಿಸದೆ ಹೋದ ಪರದೆಯ ಮೇಲೆ ಅದೇ ಚೀಟಿ, ಅದೇ ಪ್ರಶ್ನೆ. ಈ ಸಲ ಕನ್ನಡಕ ಹುಡುಕಿ ಹಾಕಿಕೊಂಡೆ. ಹೌದು, ಇಲ್ಲ ಎರಡರ ಕೆಳಗೆ ಇರುವೆಯಷ್ಟು ಸಣ್ಣ ಅಕ್ಷರದಲ್ಲಿ ಇನ್ನೊಂದಿತ್ತು: ನಾಳೆ ನೆನಪಿಸು. ಅತ್ತೆಗೂ ಆಯಿತು, ಮೊಮ್ಮಗಳಿಗೂ ಆಯಿತೆಂದು ಅದನ್ನೇ ಒತ್ತಿ, ಬೆಕ್ಕನ್ನು ಹೊರಗೆ ಹಾಕಿ, ಹರಿವೆಗೆ ನೀರು ಬಿಡಲು ಹೋದೆ.